ಲೋಬಾನ: ಗಟ್ಟಿ ಒಂದು, ಎಣ್ಣೆ ಒಂದು, ಹೊಗೆ ಮತ್ತೊಂದು

ಕಲಬುರಗಿಯಲ್ಲಿ ಖಾಜಾ ಬಂದೇನವಾಜ್ ದರ್ಗಾದ ಕಡೆ ಹೋಗುವ ದಾರಿಯ ಅಂಗಡಿಗಳಲ್ಲಿ ಲೋಬಾನ ಕೇಳಿದರೆ, ಅಂಗಡಿಯವರು ಒಂದು ಮಾತು ಕೇಳಿಕೊಂಡೇ ಡಬ್ಬಿಗೆ ಕೈ ಹಾಕುತ್ತಾರೆ: ‘ಹೊಗಿ ಹಾಕ್ಲಿಕ್ಕ ಬೇಕೇನ್ರಿ, ದವಾಕ್ಕ ಬೇಕೇನ್ರಿ?’ ಹೊಗೆಗೆ ಎಂದರೆ ಒಂದು ಡಬ್ಬಿಯ ಪುಡಿ. ದವಾಕ್ಕೆ ಎಂದರೆ ಬೇರೆ ಡಬ್ಬಿಯ ಗಟ್ಟಿ, ಬೆಲೆಯೂ ಬೇರೆ.

ದವಾಕ್ಕೆಂದು ಕೊಡುವುದು ಕೌಡಿ ಲೋಬಾನ. ಕಂದು ಬಣ್ಣದ ಗಟ್ಟಿಯನ್ನು ಕುಟ್ಟಿ ಒಡೆದರೆ ಒಳಗೆ ಬಾದಾಮಿ ಬಿಳುಪಿನ ತುಣುಕುಗಳು ಕಾಣುತ್ತವೆ. ಉಗುರಿನಿಂದ ಒತ್ತಿದರೆ ಚಟ್ಟನೆ ಬಿರಿಯುತ್ತವೆ. ಬೆರಳ ನಡುವೆ ತಿಕ್ಕಿದರೆ ಐಸ್‌ಕ್ರೀಮಿನ ವೆನಿಲಾ ನೆನಪಾಗುವ ಸಿಹಿ ವಾಸನೆ. ಅದು ಬರೀ ನೆನಪಲ್ಲ, ಲೋಬಾನದಲ್ಲಿ ವೆನಿಲಿನ್ ನಿಜವಾಗಿಯೂ ಇದೆ. ಹೊಗೆಯ ಪುಡಿಯ ಕಥೆ ಹೀಗಿಲ್ಲ. ಅದರಲ್ಲಿ ಲೋಬಾನದ ಪಾಲೆಷ್ಟು, ಅಗ್ಗದ ಪೈನ್ ರಾಳದ ಪಾಲೆಷ್ಟು, ಇದ್ದಿಲ ಪುಡಿ ಎಷ್ಟು ಎಂದು ಕೇಳಿದರೆ ಅಂಗಡಿಯವರು ನಕ್ಕು ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ.

ಇಂಥ ಅಂಗಡಿಯ ಮರದ ಖಾನೆಗಳಲ್ಲಿ ಇನ್ನೂ ಏನೇನೋ ಇರುತ್ತವೆ. ಕುಂದುರು, ಯುನಾನಿಯವರು ಮುರ್ ಮಕ್ಕಿ ಎಂದೂ ನಾವು ಹೀರಾಬೋಳ ಎಂದೂ ಕರೆಯುವ ಕಹಿ ಗಟ್ಟಿ, ರೂಮಿ ಮಸ್ತಗಿ, ಗೂಗಲ್ ಅಂದರೆ ಗುಗ್ಗುಳ, ರಾಳ. ಎಲ್ಲವೂ ಮರದ ಗಾಯದಿಂದ ಒಸರಿ ಗಟ್ಟಿಯಾದವು. ಎಲ್ಲಕ್ಕೂ ರೋಗಾಣು ಕೊಲ್ಲುತ್ತವೆಂಬ ಹೆಸರಿದೆ, ಆ ಹೆಸರು ಸುಳ್ಳೂ ಅಲ್ಲ. ತೊಡಕಿರುವುದು ಬೇರೆ ಕಡೆ. ರಾಳದ ಗಟ್ಟಿ, ಅದರಿಂದ ಬಟ್ಟಿ ಇಳಿಸಿದ ಸಾರತೈಲ, ಕೆಂಡದ ಮೇಲೆ ಹಾಕಿದಾಗ ಏಳುವ ಹೊಗೆ ಇವು ಮೂರೂ ರಾಸಾಯನಿಕವಾಗಿ ಬೇರೆ ಬೇರೆ ವಸ್ತುಗಳು. ಒಂದರ ಮೇಲೆ ನಡೆದ ಪರೀಕ್ಷೆಯ ಪುಣ್ಯವನ್ನು ಇನ್ನೊಂದರ ಖಾತೆಗೆ ಜಮಾ ಮಾಡುತ್ತ ಬಂದಿದ್ದೇವೆ. ಪತ್ರಿಕೆಯ ಮೂಲೆಯಲ್ಲಿ ‘ಧೂಪದಲ್ಲಿ ಸೂಕ್ಷ್ಮಾಣು ನಾಶಕ ಗುಣ ಪತ್ತೆ’ ಎಂಬ ಸುದ್ದಿ ಓದಿ, ಸಂಜೆ ಕೆಂಡಕ್ಕೆ ಒಂದು ಹಿಡಿ ಹೆಚ್ಚಿಗೆ ಹಾಕುವವರು ಇಲ್ಲಿ ಕಡಿಮೆಯಿಲ್ಲ.

ಲೋಬಾನದಿಂದಲೇ ಶುರು ಮಾಡೋಣ. ನಮ್ಮ ಪೇಟೆಗೆ ಬರುವ ಅಸಲಿ ಲೋಬಾನ ಬಹುಪಾಲು ಸ್ಟೈರಾಕ್ಸ್ ಜಾತಿಯ ಮರದ್ದು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ, ತೋಬಾ ಸರೋವರದ ಸುತ್ತಿನ ಗುಡ್ಡಗಳಲ್ಲಿ ಬಾತಕ್ ಜನ ಇದನ್ನು ತಲೆಮಾರುಗಳಿಂದ ತೆಗೆಯುತ್ತಿದ್ದಾರೆ. ತೊಗಟೆಗೆ ಗಾಯ ಮಾಡುವುದು, ತಿಂಗಳುಗಟ್ಟಲೆ ಕಾಯುವುದು, ಒಸರಿ ಗಟ್ಟಿಯಾದದ್ದನ್ನು ಕೆರೆದು ತೆಗೆಯುವುದು. 14ನೇ ಶತಮಾನದ ನಡುವೆ ಆ ಕಡೆ ಹೋಗಿದ್ದ ಇಬ್ನ್ ಬತೂತಾ ಅಲ್ಲಿನ ‘ಲುಬಾನ್ ಜಾವಿ’ಯನ್ನು ಹೆಸರಿಸಿದ್ದಾನೆ. ಅರಬ್ಬರ ನಾಡಿನ ಮೂಲ ಲುಬಾನ್ ಇದಲ್ಲ, ಅದು ಬಾಸ್ವೆಲಿಯಾ ಜಾತಿಯ ಮರದ್ದು, ಅಂಗಡಿಯವರ ಕುಂದುರು. ಎರಡೂ ಇವತ್ತು ಒಂದೇ ಹೆಸರಿನಲ್ಲಿ ಬಿಕರಿಯಾಗುವುದರಿಂದ, ‘ಲೋಬಾನದ ಮೇಲೆ ಸಂಶೋಧನೆ’ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು, ಯಾವ ಮರದ ಲೋಬಾನ ಎಂದು.

ಹಿಂದಿನ ಯುರೋಪಿನ ಔಷಧಿಗಾರರು ಸುಮಾತ್ರಾ ಕಡೆಯ ಈ ಲೋಬಾನದಿಂದ ಒಂದು ಮೋಜಿನ ವಸ್ತು ತೆಗೆಯುತ್ತಿದ್ದರು. ಬಾಣಲೆಯಲ್ಲಿ ಲೋಬಾನದ ಪುಡಿ ಹಾಕಿ, ಮೇಲೆ ಕಾಗದದ ಕೊಳವೆಯಂಥ ಟೊಪ್ಪಿಗೆ ಕವುಚಿ, ಸಣ್ಣ ಉರಿಯಲ್ಲಿ ಕಾಯಿಸುವುದು. ಆವಿ ಮೇಲೇರಿ ಕಾಗದದ ಒಳಮೈಗೆ ತಾಗಿ, ಬೆಳ್ಳಗೆ ಸೂಜಿಯಂಥ ಹರಳುಗಳಾಗಿ ಕೂರುತ್ತದೆ. 16ನೇ ಶತಮಾನದಿಂದಲೇ ಈ ವಿಧಾನ ಬರಹದಲ್ಲಿ ಸಿಗುತ್ತದೆ. ಆ ಹರಳೇ ಬೆಂಜೋಯಿಕ್ ಆಮ್ಲ. 1875ರಲ್ಲಿ ಜರ್ಮನಿಯ ಸಾಲ್ಕೋವ್‌ಸ್ಕಿ ಇದಕ್ಕೆ ಶಿಲೀಂಧ್ರವನ್ನು ತಡೆಯುವ ಶಕ್ತಿಯಿದೆ ಎಂದು ತೋರಿಸಿದ. ಅಲ್ಲಿಂದ ಅದು ಪೂಜೆಯ ಕೋಣೆ ದಾಟಿ ಅಡುಗೆ ಮನೆಗೆ ಬಂತು. ನಿಮ್ಮ ಮನೆಯ ಟೊಮ್ಯಾಟೊ ಸಾಸ್ ಅಥವಾ ಹಣ್ಣಿನ ಸ್ಕ್ವಾಷ್ ಬಾಟಲಿಯ ಹಿಂದಿನ ಸಣ್ಣಕ್ಷರಗಳಲ್ಲಿ 211 ಎಂಬ ಅಂಕಿ ಹುಡುಕಿ. ಅದು ಸೋಡಿಯಂ ಬೆಂಜೋಯೇಟ್, ಬೆಂಜೋಯಿಕ್ ಆಮ್ಲದ ಲವಣ. ಈಗ ಅದನ್ನು ಲೋಬಾನದಿಂದ ತೆಗೆಯುವುದಿಲ್ಲ, ಪೆಟ್ರೋಲಿಯಂ ಮೂಲದ ಟೊಲ್ವಿನ್‌ನಿಂದ ಕಾರ್ಖಾನೆಯಲ್ಲಿ ಮಾಡುತ್ತಾರೆ. ಅಣು ಮಾತ್ರ ಅದೇ.

ಅದು ಕೆಲಸ ಮಾಡುವ ರೀತಿ ತಿಳಿದುಕೊಂಡರೆ ಬಹಳಷ್ಟು ಗೊಂದಲ ತಿಳಿಯಾಗುತ್ತದೆ. ಬೆಂಜೋಯಿಕ್ ಆಮ್ಲದ ಅಣು ಹುಳಿ ದ್ರವದಲ್ಲಿ ಇಡಿಯಾಗಿ ಇರುತ್ತದೆ, ಹುಳಿ ಇಲ್ಲದ ಕಡೆ ವಿದ್ಯುದಂಶ ಹೊತ್ತ ಅಯಾನಾಗಿ ಒಡೆಯುತ್ತದೆ. ಇಡಿ ಅಣು ಮಾತ್ರ ಬೂಷ್ಟಿನ ಅಥವಾ ಯೀಸ್ಟಿನ ಜೀವಕೋಶದ ಕೊಬ್ಬಿನ ಪೊರೆ ತೂರಿ ಒಳಗೆ ಹೋಗಬಲ್ಲದು. ಒಳಗೆ ಹೋದ ಮೇಲೆ ಅಲ್ಲಿ ಹುಳಿ ಇಲ್ಲದ್ದರಿಂದ ಒಡೆಯುತ್ತದೆ, ಮತ್ತೆ ಹೊರಗೆ ಬರಲಾರದು. ಹೀಗೆ ಅಣು ಅಣುವಾಗಿ ನುಗ್ಗಿದ್ದೆಲ್ಲ ಒಳಗೇ ಸಿಕ್ಕಿಕೊಂಡು ಕೋಶದ ಒಳಭಾಗ ಹುಳಿಯಾಗುತ್ತದೆ. ಆ ಹುಳಿಯನ್ನು ಹೊರಹಾಕುವುದರಲ್ಲೇ ಕೋಶದ ತ್ರಾಣವೆಲ್ಲ ಸೋರಿ, ಬೆಳವಣಿಗೆ ನಿಲ್ಲುತ್ತದೆ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3 ಇದ್ದರೆ ನೂರಕ್ಕೆ 94 ಪಾಲು ಆಮ್ಲ ಇಡಿಯಾಗಿರುತ್ತದೆ. ಪಿಎಚ್ 6ಕ್ಕೆ ಬಂದರೆ ನೂರಕ್ಕೆ ಎರಡು ಪಾಲೂ ಇಲ್ಲ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕ ಮೇಲೆ ಅದರ ತಿರುಳಿನಿಂದ ಜಾಮು, ರಸ ಮಾಡಿ ಮಾರುವ ಮಾತು ಆಗಾಗ ಕೇಳಿಬರುತ್ತದೆ. ಬಾಳೆಹಣ್ಣಿನ ತಿರುಳಿನ ಪಿಎಚ್ 5ರ ಆಸುಪಾಸು. ಅಲ್ಲಿ ಬೆಂಜೋಯೇಟ್ ಸುರಿದರೂ ಏಳರಲ್ಲಿ ಒಂದು ಪಾಲಷ್ಟೇ ಕೆಲಸಕ್ಕೆ ಬರುತ್ತದೆ. ಮೊದಲು ನಿಂಬೆರಸವನ್ನೋ ಸಿಟ್ರಿಕ್ ಆಮ್ಲವನ್ನೋ ಹಾಕಿ ಹುಳಿ ಮಾಡಿಕೊಂಡರೆ ಅದೇ ಚಿಟಿಕೆ ಹಲವು ಪಟ್ಟು ಬಲವಾಗುತ್ತದೆ. ಬೂಷ್ಟು ತಡೆಯುವ ‘ಗುಣ’ ಬೆಂಜೋಯಿಕ್ ಆಮ್ಲದ ಸ್ವಂತ ಆಸ್ತಿಯೇನೋ ಹೌದು, ಆದರೆ ಅದು ನಡೆಯುವುದು ಸುತ್ತಲಿನ ಹುಳಿಯ ಮರ್ಜಿಯ ಮೇಲೆ.

ಇದೇ ಆಮ್ಲ ಮುಲಾಮಿಗೂ ಇಳಿಯಿತು. 20ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡ್ ನೂರಕ್ಕೆ 6 ಪಾಲು ಬೆಂಜೋಯಿಕ್ ಆಮ್ಲ, 3 ಪಾಲು ಸ್ಯಾಲಿಸಿಲಿಕ್ ಆಮ್ಲ ಕಲಸಿ ಗಜಕರ್ಣಕ್ಕೆ ಹಚ್ಚುವ ಮುಲಾಮು ಮಾಡಿದರು. ಎರಡನೆಯದು ಸತ್ತ ಚರ್ಮವನ್ನು ಸಡಿಲಿಸಿ ಉದುರಿಸುತ್ತದೆ, ಮೊದಲನೆಯದು ಅಡಿಯಲ್ಲಿ ಅಡಗಿದ ಶಿಲೀಂಧ್ರವನ್ನು ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇದು ಬಹುಕಾಲ ಇತ್ತು. ನಮ್ಮ ಬಿಸಿಲೂರುಗಳಲ್ಲಿ ಬೆವರಿನ ಜಾಗಕ್ಕೆ ಗಜಕರ್ಣ ಹತ್ತಿದರೆ, ಔಷಧ ಅಂಗಡಿಯಿಂದ ಸ್ಟೀರಾಯ್ಡ್ ಬೆರೆತ ಟ್ಯೂಬು ತಂದು ಹಚ್ಚುವ ಚಟ ಒಂದು ಬೆಳೆದಿದೆ. ಕಡಿತ ಎರಡೇ ದಿನಕ್ಕೆ ನಿಲ್ಲುತ್ತದೆ, ರೋಗ ಒಳಗೊಳಗೇ ಹಬ್ಬುತ್ತದೆ. ಮಾಮೂಲಿ ಮದ್ದಿಗೆ ಜಗ್ಗದ ಒಂದು ಶಿಲೀಂಧ್ರಕ್ಕೆ ವಿಜ್ಞಾನಿಗಳು 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ನಮ್ಮ ದೇಶದ ಹೆಸರನ್ನೇ ಸೇರಿಸಿ ಇಟ್ಟಿದ್ದಾರೆ. ಹೆಮ್ಮೆಪಡುವ ನಾಮಕರಣವೇನಲ್ಲ.

ಇಷ್ಟಕ್ಕೂ ಮರಕ್ಕೆ ರಾಳ ಏಕೆ ಬೇಕು? ತೊಗಟೆ ಸೀಳಿದ ಕಡೆ ಕೊರಕ ಹುಳ, ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲವೂ ನುಗ್ಗಲು ನೋಡುತ್ತವೆ. ಮರ ಓಡಿಹೋಗಲಾರದು, ಗಾಯ ನೆಕ್ಕಿಕೊಳ್ಳಲಾರದು. ಅದಕ್ಕೇ ಒಂದು ಮಿಶ್ರಣವನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ಅದರಲ್ಲಿ ಹಗುರ ಟರ್ಪೀನ್‌ಗಳಿವೆ, ಬೇಗ ಆರಿ ಗಾಳಿಗೆ ಸೇರುವಂಥವು; ಪರಿಮಳ ಇವುಗಳದ್ದೇ. ಭಾರದ ರಾಳಾಮ್ಲಗಳಿವೆ, ಆರದೆ ಉಳಿದು ಗಟ್ಟಿಯಾಗುವಂಥವು. ಕೆಲವು ಮರಗಳಲ್ಲಿ ನೀರಲ್ಲಿ ಕರಗುವ ಅಂಟೂ ಸೇರಿರುತ್ತದೆ. ಹಗುರವಾದದ್ದು ಭಾರದ್ದನ್ನು ಕರಗಿಸಿ ಗಾಯದವರೆಗೆ ಹರಿಸಿ ತರುತ್ತದೆ, ಅಲ್ಲಿಗೆ ಬಂದ ಮೇಲೆ ತಾನು ಆರಿಹೋಗುತ್ತದೆ, ಭಾರದ್ದು ಮುದ್ರೆಯಾಗಿ ಕೂರುತ್ತದೆ. ದಾಳಿ ಹಲವು ಥರದ್ದು, ಕಾವಲು ಎರಡು ಥರದ್ದು.

ಹಗುರದ್ದು, ಭಾರದ್ದು ಈ ಎರಡನ್ನೂ ಬೇರ್ಪಡಿಸುವುದನ್ನು ಕಣ್ಣಾರೆ ನೋಡಬೇಕೆಂದರೆ ಸಸ್ಯಶಾಸ್ತ್ರದ ಯಾವುದಾದರೂ ಪ್ರಯೋಗಾಲಯಕ್ಕೆ ಹೋಗಬೇಕು. ಕಲಬುರಗಿ ಪಕ್ಕದ ಕುಸನೂರದ ನಮಗೆ ಅದು ದೂರದ ಮಾತಲ್ಲ. 1980ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇರುವುದು ನಮ್ಮ ಮಗ್ಗುಲಲ್ಲೇ, ಅಲ್ಲಿ ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಎರಡೂ ವಿಭಾಗಗಳಿವೆ. ಇಂಥ ಪ್ರಯೋಗಾಲಯಗಳಲ್ಲೆಲ್ಲ ಕ್ಲೆವೆಂಜರ್ ಉಪಕರಣ ಎಂಬ ಗಾಜಿನ ಸಾಧನ ಇರುತ್ತದೆ, 1928ರಿಂದ ಹೆಚ್ಚು ಬದಲಾಗದೆ ಉಳಿದ ವಿನ್ಯಾಸ. ಬುರುಡೆಯಂಥ ಗಾಜಿನ ಪಾತ್ರೆಯಲ್ಲಿ ನೂರು ಗ್ರಾಂ ಸಲ್ಲಕಿ, ಅಂದರೆ ನಮ್ಮ ದೇಶದ ಬಾಸ್ವೆಲಿಯಾ, ರಾಳದ ಪುಡಿ, ಅದು ಮುಳುಗುವಷ್ಟು ನೀರು. ಕುದಿ ಹತ್ತಿ ಆವಿ ಮೇಲೇರಿ, ತಣ್ಣೀರಿನ ಕೊಳವೆಗೆ ತಾಗಿ ಹನಿಯಾಗಿ, ಅಳತೆಯ ಗೆರೆಯಿರುವ ಸಣ್ಣ ನಳಿಕೆಗೆ ಬೀಳುತ್ತದೆ. ನೀರು ಕೆಳಗಿನಿಂದ ಮತ್ತೆ ಪಾತ್ರೆಗೆ ಮರಳುತ್ತದೆ, ಮೇಲೆ ತೆಳುಹಳದಿ ಎಣ್ಣೆ ತೇಲುತ್ತ ಗೆರೆ ಗೆರೆಯಾಗಿ ಏರುತ್ತದೆ. ಮೂರು ನಾಲ್ಕು ತಾಸು ಕಾಯಿಸಿದರೆ ಸಿಗುವುದು ಐದಾರು ಮಿಲಿಲೀಟರ್, ರಾಳ ಚೆನ್ನಾಗಿದ್ದರೆ ಇನ್ನಷ್ಟು. ಕೋಣೆಯೆಲ್ಲ ಘಮಘಮ. ಪಾತ್ರೆಯ ತಳದಲ್ಲಿ ಉಳಿದ ಕಂದು ಅಂಟುಮುದ್ದೆಯನ್ನು ತೊಳೆಯುವ ಪಾಡು ಮಾತ್ರ ಯಾರಿಗೂ ಬೇಡ.

ಆ ತೊಳೆದು ಚೆಲ್ಲುವ ಮುದ್ದೆಯಲ್ಲೇ ದೊಡ್ಡ ಸಂಗತಿ ಇದೆ. ಸಲ್ಲಕಿಯ ಹೆಸರುವಾಸಿ ಬಾಸ್ವೆಲಿಕ್ ಆಮ್ಲಗಳು ಭಾರದ ಅಣುಗಳು. ಆವಿಯ ಜೊತೆ ಏರುವುದಿಲ್ಲ, ಎಣ್ಣೆಗೆ ಬರುವುದಿಲ್ಲ. 2011ರಲ್ಲಿ ಜಮ್ಮುವಿನ ಭಾರತೀಯ ಸಮಗ್ರ ಔಷಧ ಸಂಸ್ಥೆಯವರು ಈ ಗುಂಪಿನ ಒಂದು ಆಮ್ಲವನ್ನು (ಚಿಕ್ಕದಾಗಿ ಎಕೆಬಿಎ) ಶುದ್ಧಮಾಡಿ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿದರು. ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮಿಲಿಲೀಟರಿಗೆ 2ರಿಂದ 4 ಮೈಕ್ರೊಗ್ರಾಂನಲ್ಲೇ ಬೆಳವಣಿಗೆ ನಿಲ್ಲಿಸಿತು. ಕೀವು ಹುಣ್ಣಿನ ಸ್ಟ್ಯಾಫಿಲೊಕಾಕಸ್ ಆರಿಯಸ್ ಕೂಡ ಹೆಚ್ಚುಕಡಿಮೆ ಅಷ್ಟಕ್ಕೇ ಮಣಿಯಿತು. ಇದು ನಿಜಕ್ಕೂ ಚುರುಕಾದ ಅಂಕಿ. ಬಟ್ಟಿ ಇಳಿಸಿದ ಇಡೀ ಎಣ್ಣೆಯ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಿಲಿಗ್ರಾಂ ಲೆಕ್ಕ, ಅಂದರೆ ಸಾವಿರ ಪಟ್ಟಿನ ಆಸುಪಾಸಿನ ಅಂತರ. ಹಾಗಾಗಿ ‘ಬಾಸ್ವೆಲಿಕ್ ಆಮ್ಲಭರಿತ ಶುದ್ಧ ಎಸೆನ್ಷಿಯಲ್ ಆಯಿಲ್’ ಎಂದು ಯಾವುದಾದರೂ ಸೀಸೆಯ ಮೇಲೆ ಬರೆದಿದ್ದರೆ ಅದನ್ನು ಬರೆದವರಿಗೆ ಬಟ್ಟಿ ಇಳಿಸುವುದೇನೆಂದು ಗೊತ್ತಿಲ್ಲ, ಇಲ್ಲವೇ ಕೊಳ್ಳುವವರಿಗೆ ಗೊತ್ತಿಲ್ಲವೆಂದು ಚೆನ್ನಾಗಿ ಗೊತ್ತಿದೆ.

ಹಾಗೆಂದು ಎಣ್ಣೆ ದಂಡವಲ್ಲ. ಅದರ ಟರ್ಪೀನ್‌ಗಳು ಕೊಬ್ಬನ್ನು ಹುಡುಕಿಕೊಂಡು ಹೋಗುವ ಅಣುಗಳು. ಬ್ಯಾಕ್ಟೀರಿಯಾದ ಪೊರೆಯೊಳಗೆ ಸೇರಿಕೊಂಡು ಅದನ್ನು ಸಡಿಲ ಮಾಡುತ್ತವೆ. ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ಎರಡು ಬಣವಾಗಿ ವಿಂಗಡಿಸಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಗ್ರಾಮ್ ಪಾಸಿಟಿವ್ ಬಣಕ್ಕೆ ಹೊರಗೆ ಗೋಡೆಯಿದ್ದರೂ ಅದು ಸಣ್ಣ ಅಣುಗಳನ್ನು ಬಿಟ್ಟುಕೊಡುತ್ತದೆ. ಗ್ರಾಮ್ ನೆಗೆಟಿವ್ ಬಣದ ಇ. ಕೋಲಿ, ಸ್ಯೂಡೊಮೊನಾಸ್‌ನಂಥವಕ್ಕೆ ಗೋಡೆಯ ಹೊರಗೆ ಇನ್ನೊಂದು ಪೊರೆಯಿದೆ, ಅದು ಇಂಥ ಎಣ್ಣೆಯಣುಗಳನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ರಾಳಗಳ ಮೇಲಿನ ಪ್ರಬಂಧಗಳಲ್ಲಿ ಬಹುತೇಕ ಇದೇ ಚಿತ್ರ: ಕೀವಿನ ಬ್ಯಾಕ್ಟೀರಿಯಾ ಬಗ್ಗುತ್ತದೆ, ಭೇದಿಯದು ಜಗ್ಗುವುದಿಲ್ಲ. ಮನೆಯಲ್ಲಿ ಡೆಟಾಲ್ ಇದ್ದರೆ ಅದರ ಲೇಬಲ್ ಓದಿ. ಕ್ಲೋರೊಕ್ಸಿಲೆನಾಲ್ ಜೊತೆಗೆ ಟರ್ಪಿನಿಯೋಲ್ ಎಂಬ ಹೆಸರೂ ಇರುತ್ತದೆ. ಅದು ಪೈನ್ ಎಣ್ಣೆಯ ಅಣು. ಆ ಆಸ್ಪತ್ರೆಯ ವಾಸನೆಗೆ ಅದೂ ಕಾರಣ. ನೆಲ ಒರೆಸುವ ಬಿಳಿ ಫಿನಾಯಿಲಿನ ಬುಡದಲ್ಲೂ ಇದೇ ಪೈನ್ ಎಣ್ಣೆ. ಧೂಪ ಹಾಕದ ಮನೆಯವರೂ ದಿನಾ ಬೆಳಿಗ್ಗೆ ಮರದ ಎಣ್ಣೆಯಿಂದಲೇ ನೆಲ ಒರೆಸುತ್ತಿದ್ದಾರೆ.

ಪ್ರಯೋಗಾಲಯದ ತಟ್ಟೆಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಜೆಲ್ಲಿಯಂಥ ಅಗಾರ್ ತುಂಬಿದ ತಟ್ಟೆಗೆ ಬ್ಯಾಕ್ಟೀರಿಯಾ ಬಳಿದು, ನಡುವೆ ಸಣ್ಣ ಕುಣಿ ತೋಡಿ, ರಾಳದ ಸಾರವನ್ನು ತೊಟ್ಟಿಕ್ಕಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಬೆಳಿಗ್ಗೆ ಕುಣಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವರ್ತುಲ ಕಂಡರೆ ಸ್ಕೇಲಿನಿಂದ ಮಿಲಿಮೀಟರ್ ಅಳೆಯುತ್ತಾರೆ. ಎಂ.ಎಸ್ಸಿ. ಹುಡುಗ ಹುಡುಗಿಯರಿಗೆ ಅಚ್ಚುಮೆಚ್ಚಿನ ಪರೀಕ್ಷೆ, ಖರ್ಚು ಕಡಿಮೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ರಾಳ ನೀರಿನಲ್ಲಿ ಕರಗುವುದಿಲ್ಲ, ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಎಣ್ಣೆಯ ಒಂದು ಪಾಲು ಬೆಳಗಾಗುವುದರೊಳಗೆ ಆರಿಹೋಗಿರುತ್ತದೆ. ವರ್ತುಲ ಚಿಕ್ಕದಾಗಿದ್ದರೆ ಮದ್ದು ದುರ್ಬಲವೆಂದಲ್ಲ, ದೊಡ್ಡದಾಗಿದ್ದರೆ ರೋಗಿ ಗುಣವಾಗುತ್ತಾನೆಂದೂ ಅಲ್ಲ.

ಎರಡನೆಯ ಮಾತಿಗೆ ರೂಮಿ ಮಸ್ತಗಿಯೇ ಸಾಕ್ಷಿ. ಗ್ರೀಸಿನ ಕಿಯೋಸ್ ದ್ವೀಪದ ಪಿಸ್ತಾ ಜಾತಿಯ ಪೊದೆಮರದಿಂದ ಬರುವ ಈ ಪಾರದರ್ಶಕ ಹನಿಗಳನ್ನು ಹಕೀಮರು ಹೊಟ್ಟೆಯ ತೊಂದರೆಗೆ ಕೊಡುತ್ತ ಬಂದಿದ್ದಾರೆ. 1998ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಚಿಕ್ಕ ಪತ್ರ ಪ್ರಕಟಿಸಿದರು: ಜಠರದ ಹುಣ್ಣಿಗೆ ಕಾರಣವಾದ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾವನ್ನು ಮಸ್ತಗಿ ಕೊಲ್ಲುತ್ತದೆ. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ. ಐದು ವರ್ಷ ಬಿಟ್ಟು, 2003ರಲ್ಲಿ, ಅದೇ ಊರಿನ ವೈದ್ಯರು ಸೋಂಕು ಇದ್ದ ಬೆರಳೆಣಿಕೆಯ ಜನರಿಗೆ ದಿನಕ್ಕೆ ನಾಲ್ಕು ಸಲ ಒಂದೊಂದು ಗ್ರಾಂನಂತೆ 14 ದಿನ ಮಸ್ತಗಿ ಕೊಟ್ಟು ನೋಡಿದರು. ಒಬ್ಬರ ಸೋಂಕೂ ಹೋಗಲಿಲ್ಲ. ತಟ್ಟೆಯಲ್ಲಿ ಸತ್ತದ್ದು ಹೊಟ್ಟೆಯಲ್ಲಿ ಆರಾಮಾಗಿತ್ತು. ಮುಂದೆ ಗ್ರೀಸಿನಲ್ಲಿ ನಡೆದ ಸಣ್ಣ ಪರೀಕ್ಷೆಯೊಂದರಲ್ಲಿ ಕೆಲವರಿಗೆ ವಾಸಿಯಾಯಿತು, ಹೆಚ್ಚಿನವರಿಗೆ ಆಗಲಿಲ್ಲ. ಎರಡನೆಯ ಸುದ್ದಿಗೆ ಮೊದಲಿನಷ್ಟು ಜಾಗ ಯಾವ ಪತ್ರಿಕೆಯೂ ಕೊಡಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ರೋಗಿಯ ಮೇಲೂ ಗೆದ್ದ ರಾಳ ಒಂದಿದೆ, ಅದು ಗಾಯಕ್ಕೆ ಹಚ್ಚಿದ ರಾಳ. ಫಿನ್ಲೆಂಡಿನ ಉತ್ತರದ ಹಳ್ಳಿಗರು ಸ್ಪ್ರೂಸ್ ಮರದ ರಾಳವನ್ನು ಬೆಣ್ಣೆಯಲ್ಲಿ ಕಾಯಿಸಿ ಹುಣ್ಣಿಗೆ ಹಚ್ಚುತ್ತಿದ್ದರು. ಅಲ್ಲಿನ ವೈದ್ಯರು ಅದನ್ನೇ ಹಾಸಿಗೆ ಹಿಡಿದವರ ಬೆನ್ನುಹುಣ್ಣಿಗೆ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ಚಿಕಿತ್ಸೆ ಮುಗಿಸಿದವರಲ್ಲಿ ರಾಳದ ಮುಲಾಮು ಹಚ್ಚಿಸಿಕೊಂಡ 13 ಜನರ ಪೈಕಿ 12 ಜನರ ಹುಣ್ಣು ಪೂರ್ತಿ ಮಾಯಿತು. ಮಾಮೂಲಿ ಪಟ್ಟಿ ಕಟ್ಟಿಸಿಕೊಂಡ 9 ಜನರಲ್ಲಿ 4 ಜನರದು. ಸಂಖ್ಯೆ ಸಣ್ಣದು, ನಿಜ. ಆದರೂ ನಮ್ಮಲ್ಲಿ ಒಡೆದ ಹಿಮ್ಮಡಿಗೆ ರಾಳ, ಎಣ್ಣೆ, ಮೇಣ ಕಾಯಿಸಿ ಹಚ್ಚುವ ಅಜ್ಜಿಯರ ಕೈಗುಣಕ್ಕೆ ಇದು ಒಂದಿಷ್ಟು ಬಲ ಕೊಡುತ್ತದೆ. ಮರ ತನ್ನ ಗಾಯಕ್ಕೆ ಮಾಡಿಕೊಂಡ ಮದ್ದು ನಮ್ಮ ಗಾಯದ ಮೇಲೂ ಕೂತು ಕೆಲಸ ಮಾಡುವುದರಲ್ಲಿ ತರ್ಕವಿದೆ. ಅಲ್ಲಿ ಅದು ಆರಿಹೋಗದೆ, ತೆಳುವಾಗದೆ, ಬೇಕಾದ ಜಾಗದಲ್ಲೇ ಇರುತ್ತದೆ. ಈಜಿಪ್ಟಿನವರು ಇದನ್ನು ಇನ್ನೂ ದೂರ ಒಯ್ದಿದ್ದರು. ಸಕ್ಕಾರಾದಲ್ಲಿ ಸಿಕ್ಕ ಸುಮಾರು 2,600 ವರ್ಷ ಹಳೆಯ ಶವಸಂರಕ್ಷಣೆಯ ಕಮ್ಮಟದ ಗಡಿಗೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಂತೆ, ಅವುಗಳಲ್ಲಿ ಪಿಸ್ತಾ ಜಾತಿಯ ರಾಳದ ಜೊತೆ ಏಷ್ಯಾದ ಮಳೆಕಾಡಿನ ಡಾಮರ್ ರಾಳವೂ ಎಲೆಮಿಯೂ ಇದ್ದವು. ನಮ್ಮ ಪಶ್ಚಿಮಘಟ್ಟದ ಬಿಳಿಧೂಪ, ರಾಳಧೂಪದ ಮರಗಳು ಆ ಎರಡು ಕುಲಗಳ ಬಂಧುಗಳೇ.

ಮರಗಳ ಪಾಡನ್ನೂ ಇಲ್ಲೇ ಹೇಳಿಬಿಡಬೇಕು, ಚುಟುಕಾಗಿಯಾದರೂ. ಗುಗ್ಗುಳದ ಗಿಡ ಅಳಿವಿನ ಅಂಚಿನ ಕೆಂಪುಪಟ್ಟಿಯಲ್ಲಿದೆ. ಹೆಚ್ಚು ಅಂಟು ಬರಲೆಂದು ಆಳವಾಗಿ ಕಚ್ಚು ಹಾಕಿದರೆ ಗಿಡವೇ ಸಾಯುತ್ತದೆ. ಇಥಿಯೋಪಿಯಾ ಕಡೆಯ ಬಾಸ್ವೆಲಿಯಾ ಕಾಡುಗಳಲ್ಲಿ ಹೊಸ ಸಸಿಗಳೇ ಏಳುತ್ತಿಲ್ಲ, ಇಪ್ಪತ್ತು ವರ್ಷಗಳಲ್ಲಿ ಉತ್ಪನ್ನ ಅರ್ಧಕ್ಕೆ ಇಳಿಯಬಹುದು ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಅಗ್ಗದ ಪುಡಿಗೆ ಪೈನ್ ರಾಳ ಬೆರೆಯುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನು ಹೊಗೆ. ನಮ್ಮ ಭಾಗದಲ್ಲಿ ಹೊಗೆ ಇಲ್ಲದೆ ಶುಭವೂ ಇಲ್ಲ, ಶಾಂತಿಯೂ ಇಲ್ಲ. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಮದುವೆಗೆ ಮುಂಚೆ ಗುಗ್ಗಳ ಹೊರಡುತ್ತದೆ. ಉರಿಯುವ ಗಡಿಗೆ ಹೊತ್ತವರು, ಹಲಗೆ ಸಂಬಾಳದ ಸದ್ದು, ಖಡ್ಗ ಹಿಡಿದು ಒಡಪು ಹೇಳುವ ಪುರವಂತರು. ಗುರುವಾರ ಸಂಜೆ ಪೇಟೆಯಲ್ಲಿ ಲೋಬಾನದಾನಿ ಹಿಡಿದ ಫಕೀರ ಅಂಗಡಿಯಿಂದ ಅಂಗಡಿಗೆ ಹೊಗೆ ತೋರಿಸಿ ಹೋಗುತ್ತಾನೆ; ಲಿಂಗಾಯತರ ಕಿರಾಣಿ ಅಂಗಡಿ, ಮಾರವಾಡಿಗಳ ಬಟ್ಟೆ ಅಂಗಡಿ ಎಂದು ಆತ ಎಣಿಸುವುದಿಲ್ಲ, ಅವರೂ ಬೇಡ ಎನ್ನುವುದಿಲ್ಲ. ಇದರಲ್ಲಿ ಯಾವುದಕ್ಕೂ ಪ್ರಯೋಗಾಲಯದ ಪ್ರಮಾಣಪತ್ರ ಬೇಕಿಲ್ಲ. ಭಕ್ತಿಗೆ, ಗುರುತಿಗೆ, ಖುಷಿಗೆ ಅದರದೇ ಕಾರಣಗಳಿವೆ. ಪ್ರಶ್ನೆ ಏಳುವುದು ‘ಇದರಿಂದ ರೋಗಾಣು ಸಾಯ್ತಾವ’ ಎಂದಾಗ.

ಹಾಗೆ ಹೇಳುವವರು ಸಾಮಾನ್ಯವಾಗಿ ಮುಂದಿಡುವುದು ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ 2007ರ ಪ್ರಬಂಧವನ್ನು. ಕಟ್ಟಿಗೆಯ ಜೊತೆ ಹವನದ ಮೂಲಿಕೆಗಳನ್ನು ಒಂದು ತಾಸು ಸುಟ್ಟಾಗ ಗಾಳಿಯಲ್ಲಿದ್ದ ಬ್ಯಾಕ್ಟೀರಿಯಾಗಳ ಸಂಖ್ಯೆ ನೂರಕ್ಕೆ 94ರಷ್ಟು ಇಳಿಯಿತು, ಮುಚ್ಚಿದ ಕೋಣೆಯಲ್ಲಿ ಆ ಪರಿಣಾಮ 24 ತಾಸು ಉಳಿಯಿತು ಎಂದು ಅದು ಹೇಳುತ್ತದೆ. ಅಂಕಿ ಸರಿಯೇ ಇರಬಹುದು. ಆದರೆ ಕೋಣೆ ಮುಚ್ಚಿತ್ತು ಎಂಬುದನ್ನು ಇದನ್ನು ಹಂಚುವವರು ಓದುವುದಿಲ್ಲ. ಕೆಂಡದ ಬಿಸಿಗೆ ರಾಳ ರಾಳವಾಗಿ ಉಳಿಯುವುದಿಲ್ಲ. ಹಗುರ ಎಣ್ಣೆ ಮೊದಲು ಹಾರುತ್ತದೆ, ಲೋಬಾನವಾದರೆ ಒಂದಿಷ್ಟು ಬೆಂಜೋಯಿಕ್ ಆಮ್ಲವೂ ಜೊತೆಗೆ ಏರುತ್ತದೆ (ಮೂಗು ಚುರುಗುಟ್ಟಿ ಕೆಮ್ಮು ಬರುವುದಕ್ಕೆ ಅದೂ ಕಾರಣ), ಭಾರದ ಆಮ್ಲಗಳು ಬಹುಮಟ್ಟಿಗೆ ಸುಟ್ಟು ಒಡೆಯುತ್ತವೆ. ಅರ್ಧಂಬರ್ಧ ಸುಟ್ಟ ಯಾವ ಸಸ್ಯದ ಹೊಗೆಯಲ್ಲೂ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ನಿಸ್ಸೀಮ. ನಮ್ಮ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗೆ ಹೊಗೆ ಕೊಡಲು ಬಹುಕಾಲ ಬಳಸಿದ್ದು ಅದನ್ನೇ. ಆದರೆ ಆಗ ರೋಗಿ, ವೈದ್ಯ, ಆಯಾ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದರು. ನಾವು ಕೂಸನ್ನು ಒಳಗಿಟ್ಟುಕೊಂಡು ಬಾಗಿಲು ಹಾಕುತ್ತೇವೆ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ಆಗಿನ ದಿಗಿಲು ಇಲ್ಲಿದ್ದವರಿಗೆ ಗೊತ್ತು. ಆ ದಿನಗಳಲ್ಲಿ ಲೋಬಾನ, ಬೇವಿನೆಲೆ, ಕರ್ಪೂರ ಯಾವುದನ್ನು ಸುಟ್ಟರೆ ವೈರಾಣು ಬರುವುದಿಲ್ಲ ಎಂಬ ಸಲಹೆಗಳಿಗೆ ಬರವಿರಲಿಲ್ಲ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಮೇಲೆ ನಡೆದ ಯಾವ ಪರೀಕ್ಷೆಯೂ ವೈರಾಣುವಿನ ಬಗ್ಗೆ ಏನನ್ನೂ ಹೇಳಲಾರದು. ಎದೆಯಲ್ಲಿ ಕಫ ಕಟ್ಟಿದವರ ಮನೆಯಲ್ಲಿ ಹೊಗೆ ತುಂಬಿದ್ದಂತೂ ಒಳ್ಳೆಯದನ್ನು ಮಾಡಿರಲಿಕ್ಕಿಲ್ಲ. ಒಂದು ಗ್ರಾಂ ಊದುಬತ್ತಿ ಉರಿದರೆ 45 ಮಿಲಿಗ್ರಾಂಗೂ ಹೆಚ್ಚು ಸೂಕ್ಷ್ಮ ಕಣಗಳು ಏಳುತ್ತವೆ, ಅಷ್ಟೇ ತೂಕದ ಸಿಗರೇಟಿನಿಂದ ಸುಮಾರು 10 ಎಂದು ವೈದ್ಯಕೀಯ ಸಮೀಕ್ಷೆಯೊಂದು ಲೆಕ್ಕ ಕೊಟ್ಟಿದೆ. ಸಿಂಗಪುರದಲ್ಲಿ 61,320 ಜನರನ್ನು ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನ 2008ರಲ್ಲಿ ಹೇಳಿದ್ದು, ಮನೆಯಲ್ಲಿ ದೀರ್ಘಕಾಲ ಧೂಪ ಸುಡುವವರಲ್ಲಿ ಮೇಲಿನ ಉಸಿರುದಾರಿಯ ಕ್ಯಾನ್ಸರ್ ಹೆಚ್ಚು ಕಂಡಿತು ಎಂದು.

ಈ ಲೆಕ್ಕವನ್ನೆಲ್ಲ ಬಾಣಂತಿ ಇರುವ ಮನೆಯಲ್ಲಿ ಹೇಳಿ ನೋಡಿ. ಕೂಸಿಗೆ ಎಣ್ಣೆ ನೀರು ಹಾಕಿ, ಕೆಂಡಕ್ಕೆ ಲೋಬಾನ ಉದುರಿಸಿ ಮೇಲೆ ಬುಟ್ಟಿ ಬೋರಲು ಹಾಕಿ, ತಲೆಗೂದಲು ಆರಿಸುತ್ತ ಕೂತ ಅಜ್ಜಿ ಕತ್ತೆತ್ತಿ ಕೇಳುತ್ತಾಳೆ: ‘ಹಂಗಾದ್ರ ನಾವೆಲ್ಲ ಹ್ಯಾಂಗ ಬದುಕೀವಿ?’ ನ್ಯಾಯವಾದ ಪ್ರಶ್ನೆ, ಉತ್ತರವೂ ಇದೆ. ಅಜ್ಜಿ ಬಾಣಂತನ ಕಂಡದ್ದು ಶಹಾಬಾದ್ ಕಲ್ಲಿನ ಗೋಡೆಯ ಮಾಳಿಗೆ ಮನೆಯಲ್ಲಿ. ಎತ್ತರದ ಸೂರು, ತಲೆಯ ಮೇಲೆ ಬೆಳಕಿಂಡಿ. ಹೊಗೆ ನೇರ ಮೇಲೇರಿ ಹೊರಗೆ ಹೋಗುತ್ತಿತ್ತು. ಮೊಮ್ಮಗಳ ಬಾಣಂತನ ನಡೆಯುತ್ತಿರುವುದು ಕುಸನೂರ ರಸ್ತೆಯ ಬಡಾವಣೆಯಲ್ಲಿ, ಹತ್ತಕ್ಕೆ ಹತ್ತಡಿ ಕಾಂಕ್ರೀಟ್ ಕೋಣೆ, ಗಾಜಿನ ಕಿಟಕಿ ಮುಚ್ಚಿದೆ, ಮೂಲೆಯಲ್ಲಿ ಏಸಿ. ಕೆಂಡದಲ್ಲಿರುವುದು ಕೌಡಿ ಲೋಬಾನವೂ ಅಲ್ಲ, ಕಪ್ ಸಾಂಬ್ರಾಣಿ, ಅಂದರೆ ಬಹುಪಾಲು ಇದ್ದಿಲು ಮತ್ತು ಕಾರ್ಖಾನೆಯ ಸುಗಂಧ. ಬುಟ್ಟಿಯಡಿಯ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕೂಸಿನ ತಲೆಗೆ ಒಣ ಟವೆಲ್ ಸಾಕು. ಲೋಬಾನ ಹಾಕಲೇಬೇಕೆಂದರೆ ಪಡಸಾಲೆಯಲ್ಲಿ, ಬಾಗಿಲು ಕಿಟಕಿ ತೆರೆದು, ಕೂಸು ಇನ್ನೊಂದು ಕೋಣೆಯಲ್ಲಿರುವಾಗ ಹಾಕಿ, ಕಣ್ಣಿಗೆ ಹೊಗೆ ಕಾಣದಷ್ಟು ಆರಿದ ಮೇಲೆ ಕರೆದುಕೊಂಡು ಬರಬಹುದು. ಸಾರತೈಲದ ಸೀಸೆಯನ್ನು, ಅದು ಕರ್ಪೂರದ್ದಾಗಲಿ ನೀಲಗಿರಿಯದ್ದಾಗಲಿ, ಮಕ್ಕಳ ಕೈಗೆಟುಕದ ಕಪಾಟಿನಲ್ಲಿಡಬೇಕು. ಒಂದು ಚಮಚೆ ಒಳಗೆ ಹೋದರೂ ಫಿಟ್ಸ್ ಬರಬಹುದು. ಕೂಸಿನ ಎದೆ ಗೊರಗೊರ ಎಂದರೆ ಆ ದಿನ ಕೆಂಡ ಹೊತ್ತಿಸದೆ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು.